ಡೀಪ್ ಫ್ರೀಜರಿಗೆ ನಲ್ಲಿ ಕೂಡಿಸಿದ ಮನೆ: ಉಡುಪಿಯ ಒಂದು ಪ್ರಕರಣ

ಉಡುಪಿಯಿಂದ ಮಲ್ಪೆಗೆ ಹೋಗುವ ದಾರಿಯ ಆಸುಪಾಸಿನ ಒಂದು ಮನೆಯಲ್ಲಿ ಹಳೆಯ ಡೀಪ್ ಫ್ರೀಜರೊಂದನ್ನು ಡ್ರಾಫ್ಟ್ ಬಿಯರ್, ಅಂದರೆ ನಲ್ಲಿಯಿಂದ ಬರುವ ಬಿಯರ್, ಹಿಡಿಯುವ ಯಂತ್ರವಾಗಿ ಮಾರ್ಪಡಿಸಲು ಹೊರಟಾಗ ಏನೇನಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಫ್ರಿಜ್, ಎ.ಸಿ. ದುರಸ್ತಿ ನನ್ನ ಕಸುಬು. ಒಂದು ಮಾತು ಕೇಳಲೆಂದು ಕರೆದವರು ಕೆಲಸ ಮುಗಿಯುವವರೆಗೂ ಬಿಡಲಿಲ್ಲ. ಮನೆಯವರ ಒಪ್ಪಿಗೆ ಪಡೆದಿದ್ದೇನೆ; ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಮನೆಯ ಯಜಮಾನರನ್ನು ಮಾವ ಎಂದೂ, ಅವರ ತಂಗಿಯ ಮಗನನ್ನು ಅಳಿಯ ಎಂದೂ, ಯಜಮಾನರ ಹೆಂಡತಿಯನ್ನು ಅಳಿಯ ಕರೆಯುವಂತೆಯೇ ಅತ್ತೆ ಎಂದೂ ಕರೆಯುತ್ತೇನೆ.

ಇಂಥ ಯಂತ್ರ ಕಟ್ಟುವುದನ್ನು ತೋರಿಸುವ ವಿಡಿಯೊಗಳಿಗೆ ಈಗ ಬರವಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಚಳಿಯ, ಒಣ ಹವೆಯ ನಾಡುಗಳವು. ಅಲ್ಲಿನ ಕಾನೂನು ಬೇರೆ, ಮನೆಗಳ ರಚನೆಯೂ ಬೇರೆ. ಕರಾವಳಿಯ ಮಳೆಗಾಲವನ್ನು ಲೆಕ್ಕಕ್ಕೆ ಹಿಡಿದು ಮಾಡಿದ್ದನ್ನು ನಾನು ಕಂಡಿಲ್ಲ. ಈ ಬರಹಕ್ಕೆ ಅದೇ ಕಾರಣ.

ಹಿನ್ನೆಲೆ

ಮಾವ ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದು ನಿವೃತ್ತರಾದವರು. ಯುರೋಪಿನ ಬಂದರುಗಳಲ್ಲಿ ನಲ್ಲಿಯಿಂದ ಹಿಡಿದ ತಾಜಾ ಬಿಯರಿನ ರುಚಿ ಬಲ್ಲವರು. ನಿವೃತ್ತಿಯ ನಂತರ ಮನೆಯಲ್ಲಿ ಅಂಥದ್ದೊಂದು ನಲ್ಲಿ ಇರಬೇಕೆಂಬುದು ಅವರ ಬಹುಕಾಲದ ಆಸೆಯಾಗಿತ್ತು. ಎಂಜಿನಿಯರಿಂಗ್ ಓದಿದ ಅಳಿಯ ವಿಡಿಯೊಗಳನ್ನು ನೋಡಿ ಯೋಜನೆ ಹಾಕಿದ. ಐಸ್‌ಕ್ರೀಮ್ ಅಂಗಡಿಯೊಂದು ಮಾರಾಟಕ್ಕಿಟ್ಟಿದ್ದ, ಮೇಲಕ್ಕೆ ತೆರೆಯುವ ಗಟ್ಟಿ ಮುಚ್ಚಳದ 300 ಲೀಟರಿನ ಡೀಪ್ ಫ್ರೀಜರ್ ಮನೆಗೆ ಬಂತು.

ಸಾಧಾರಣ ಫ್ರಿಜ್ ಬಿಟ್ಟು ಡೀಪ್ ಫ್ರೀಜರನ್ನು ಆರಿಸಿದ್ದು ಸರಿಯಾಗಿಯೇ ಇತ್ತು. ಅದರ ಗೋಡೆ ದಪ್ಪ. ಮುಚ್ಚಳ ಮೇಲಿರುವುದರಿಂದ ತೆರೆದಾಗ ತಂಪು ಗಾಳಿ ಹೊರಗೆ ಸುರಿದುಹೋಗುವುದಿಲ್ಲ. ಪಾನೀಯ ತುಂಬುವ ಸ್ಟೀಲ್ ಕೆಗ್ ಒಂದಕ್ಕೆ 19 ಲೀಟರ್ ಹಿಡಿಯುತ್ತದೆ. ಅಗಲ ಸುಮಾರು 22 ಸೆಂ.ಮೀ., ಎತ್ತರ ಸುಮಾರು 64 ಸೆಂ.ಮೀ. ಅಳಿಯ ರಟ್ಟಿನಿಂದ ಕೆಗ್ಗಿನ ತಳದಳತೆಯ ಬಿಲ್ಲೆಗಳನ್ನು ಕತ್ತರಿಸಿ ಫ್ರೀಜರಿನ ತಳದಲ್ಲಿ ಹರಡಿ, ಹಿಂದೆ ಮುಂದೆ ಸರಿಸಿ, ಮೂರು ಕೆಗ್ ನೆಮ್ಮದಿಯಾಗಿ ಕೂರುತ್ತವೆ ಎಂದು ಖಚಿತ ಮಾಡಿಕೊಂಡಿದ್ದ. ಒಳಗೆ ಒಂದು ಬದಿಯಲ್ಲಿ ಕಂಪ್ರೆಸರಿನ ಮೇಲೆ ಬರುವ ಮೆಟ್ಟಿಲಿನಂಥ ಎತ್ತರದ ಜಾಗವನ್ನು ಬಾಟಲಿಗಳಿಗೆ ಬಿಟ್ಟಿದ್ದ. ಹುಡುಗನ ಕೆಲಸದ ಶಿಸ್ತು ನನಗೆ ಮೆಚ್ಚಿಗೆಯಾಯಿತು.

ಡ್ರಿಲ್ ಕೆಳಗಿಟ್ಟ ಗಳಿಗೆ

ನಾನು ಹೋದಾಗ ಅಳಿಯ ಮುಂಭಾಗದ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಮೂರು ವೃತ್ತ ಗುರುತಿಸಿ ಡ್ರಿಲ್ ಹಿಡಿದು ನಿಂತಿದ್ದ. ಕೊರೆಯುವ ಮೊದಲು ಫ್ರೀಜರನ್ನು ಚಾಲೂ ಮಾಡಿ ಆ ವೃತ್ತಗಳ ಮೇಲೆ ಅಂಗೈ ಇಡಲು ಹೇಳಿದೆ. ಸ್ವಲ್ಪ ಹೊತ್ತಿನಲ್ಲಿ ತಗಡು ಬೆಚ್ಚಗಾಯಿತು, ಅಡ್ಡಡ್ಡ ಪಟ್ಟೆಗಳಾಗಿ. ಈ ಬಗೆಯ ಫ್ರೀಜರುಗಳಲ್ಲಿ ಬಿಸಿ ಹೊರಬಿಡುವ ಕಂಡೆನ್ಸರ್ ಕೊಳವೆ ಹಿಂಬದಿಯ ಜಾಲರಿಯಲ್ಲಿರದೆ ಹೊರತಗಡಿನ ಬೆನ್ನಿಗೇ ಅಂಟಿಕೊಂಡು ಗೋಡೆಯೊಳಗೆ ಸುತ್ತಿರುತ್ತದೆ. ಒಂದು ತೂತು ಅದಕ್ಕೆ ತಾಗಿದರೆ ಗ್ಯಾಸ್ ಹೋಯಿತು, ಫ್ರೀಜರ್ ಗುಜರಿಗೆ. ಅಷ್ಟೇ ಆಗಿದ್ದರೆ ದುಡ್ಡಿನ ನಷ್ಟ ಎಂದು ಬಿಡಬಹುದಿತ್ತು. ಫ್ರೀಜರಿನ ಬೆನ್ನಿಗಿದ್ದ ಚೀಟಿಯಲ್ಲಿ ಆ ಗ್ಯಾಸಿನ ಹೆಸರು ಆರ್-600ಎ ಎಂದಿತ್ತು. ಅದು ಐಸೊಬ್ಯೂಟೇನ್, ಅಡುಗೆ ಅನಿಲದ ಬಳಗದ್ದು. ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ.

ಡ್ರಿಲ್ ಕೆಳಗಿಟ್ಟು ಮೂವರೂ ಕುಳಿತೆವು. ಇಡೀ ಕೆಲಸದ ನಡೆ ಬದಲಾದದ್ದು ಆ ಸಂಜೆಯೇ. ಮರಳಿ ಸರಿಪಡಿಸಲಾಗದ ಕೆಲಸಗಳು ಯಾವುವು, ತಪ್ಪಿದರೆ ನಾಳೆ ತಿದ್ದಿಕೊಳ್ಳಬಹುದಾದವು ಯಾವುವು ಎಂದು ಮೊದಲು ಬೇರೆ ಮಾಡೋಣ ಎಂದೆ. ಕೊಳವೆಯ ಉದ್ದ, ಒತ್ತಡ, ಉಷ್ಣತೆ, ಫ್ಯಾನು ಇವೆಲ್ಲ ತಿದ್ದಿಕೊಳ್ಳುವಂಥವು. ಗೋಡೆಗೆ ತೂತು, ಪಾನೀಯಕ್ಕೆ ಗ್ಯಾಸ್ ಬೆರೆಸಿ ಅದನ್ನು ನಲ್ಲಿಗೆ ತಳ್ಳುವ ಇಂಗಾಲದ ಡೈಆಕ್ಸೈಡ್ ಅನಿಲದ ಸಿಲಿಂಡರ್ ಇಡುವ ಜಾಗ, ಕಾನೂನು ಈ ಮೂರು ಹಾಗಲ್ಲ.

ಬಿಯರ್ ಎಲ್ಲಿಂದ?

ಮೊದಲು ಎದುರಾದದ್ದು ಕಾನೂನು. ಅಳಿಯನ ಯೋಜನೆಯಲ್ಲಿ ಬಿಯರನ್ನು ಮನೆಯಲ್ಲೇ ತಯಾರಿಸುವುದೂ ಸೇರಿತ್ತು. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಬಿಯರೂ ಮದ್ಯದ ವ್ಯಾಖ್ಯೆಯೊಳಗೇ ಬರುತ್ತದೆ. ಸ್ವಂತ ಬಳಕೆಗೆ, ಸ್ವಂತ ಮನೆಯಲ್ಲಿ ಎಂಬುದು ಅಲ್ಲಿ ಸಮಜಾಯಿಷಿಯಾಗುವುದಿಲ್ಲ. ಮನೆಯಲ್ಲಿ ಇಟ್ಟುಕೊಳ್ಳಬಹುದಾದ ಮದ್ಯದ ಪ್ರಮಾಣಕ್ಕೂ ಮಿತಿಯಿದೆ. ಯಂತ್ರಕ್ಕೆ ಮೂರು ಕೆಗ್ ಎಂದರೆ 57 ಲೀಟರ್. ಮಾವ ಅಬಕಾರಿ ಕಚೇರಿಗೆ ಹೋಗಿ ವಿಚಾರಿಸಿಕೊಂಡು ಬಂದರು. "ನಲವತ್ತು ವರ್ಷ ಬಂದರುಗಳಲ್ಲಿ ಕಾಗದಪತ್ರ ಸರಿಯಿಟ್ಟುಕೊಂಡು ಬಾಳಿದವನು ನಾನು. ಮನೆಯ ಹಿತ್ತಿಲಲ್ಲಿ ಅದನ್ನು ಕೆಡಿಸಿಕೊಳ್ಳುವುದಿಲ್ಲ" ಎಂದರು.

ಇಲ್ಲಿಗೆ ಕೆಲಸ ನಿಂತುಹೋಗಬಹುದಿತ್ತು. ಅಳಿಯ ಒಂದಷ್ಟು ದಿನ ಮಾತಾಡಲೇ ಇಲ್ಲ. ದಾರಿ ತೋರಿದವರು ಅತ್ತೆ. ಬೇಸಿಗೆಯ ರಜೆಯಲ್ಲಿ ಮನೆ ತುಂಬ ಮಕ್ಕಳು, ನೆಂಟರು. ಪುನರ್ಪುಳಿ ಶರಬತ್ತು, ಶುಂಠಿ ಲಿಂಬೆ, ಸೋಡಾ ಎಂದು ದಿನವಿಡೀ ಅಡುಗೆಮನೆಯಲ್ಲಿ ನಿಲ್ಲಬೇಕು. "ನಿಮ್ಮ ನಲ್ಲಿಯಲ್ಲಿ ಅದು ಬರುವುದಿಲ್ಲವೇ?" ಎಂದು ಕೇಳಿದರು. ಖಂಡಿತ ಬರುತ್ತದೆ. ಕೆಗ್ಗಿಗೆ, ಅನಿಲಕ್ಕೆ, ನಲ್ಲಿಗೆ ಒಳಗಿರುವುದು ಏನೆಂಬುದು ಮುಖ್ಯವಲ್ಲ. ಮೂರು ನಲ್ಲಿ: ಪುನರ್ಪುಳಿ, ಶುಂಠಿ ಲಿಂಬೆ, ಬರೀ ಸೋಡಾ. ಮಾವನ ಬಿಯರ್ ಅಂಗಡಿಯಿಂದ ಬಾಟಲಿಯಲ್ಲೇ ಬಂದು ಕಂಪ್ರೆಸರಿನ ಮೇಲಿನ ಮೆಟ್ಟಿಲಲ್ಲಿ ತಣ್ಣಗೆ ಕೂರಲಿ ಎಂದು ತೀರ್ಮಾನವಾಯಿತು.

ಇದನ್ನು ರಾಜಿ ಎಂದು ನಾನು ಕರೆಯುವುದಿಲ್ಲ. ಪುನರ್ಪುಳಿಯ ಆ ಕಡುಗೆಂಪು, ಆ ಹುಳಿ, ಒಳ್ಳೆಯ ಗ್ಯಾಸಿನೊಂದಿಗೆ ಸೇರಿದರೆ ನಮ್ಮ ಕರಾವಳಿಯ ಸೆಕೆಗೆ ಅದಕ್ಕಿಂತ ಮಿಗಿಲಾದ ಪಾನೀಯವಿಲ್ಲ.

ಮರದ ಪಟ್ಟಿ

ಗೋಡೆ ಕೊರೆಯುವಂತಿಲ್ಲವಾದರೆ ನಲ್ಲಿ ಎಲ್ಲಿ? ಫ್ರೀಜರಿನ ಬಾಯಿಗೂ ಮುಚ್ಚಳಕ್ಕೂ ನಡುವೆ ಎಂಟು ಇಂಚು ಎತ್ತರದ ಮರದ ಚೌಕಟ್ಟು ಕೂರಿಸಿ, ನಲ್ಲಿಗಳನ್ನು ಅದರಲ್ಲಿ ತೂರಿಸುವುದು ರೂಢಿಯ ಉಪಾಯ. ದೋಣಿ ಕೆಲಸ ಮಾಡಿ ಕೈ ಪಳಗಿದ ಬಡಗಿ ಆಚಾರ್ಯರೊಬ್ಬರನ್ನು ಕರೆಸಿದೆವು. ಅವರು ಪ್ಲೈವುಡ್ ಬೇಡವೇ ಬೇಡ ಎಂದು ಹೆಬ್ಬಲಸಿನ ಹಲಗೆ ತಂದರು. ಮೂಲೆಗಳಿಗೆ ಮೊಳೆ ಹೊಡೆಯದೆ ಹಲ್ಲು ಕಚ್ಚಿಸಿ ಕೂಡಿಸಿದರು. ಒಳಮೈಗೆ ಒಂದು ಇಂಚಿನ ಥರ್ಮೋಕೋಲ್ ಅಂಟಿಸಿ, ಮರದ ಸುತ್ತಲೂ ದೋಣಿಗೆ ಬಳಿಯುವ ವಾರ್ನಿಷ್ ಹಚ್ಚಿದರು.

ಚೌಕಟ್ಟನ್ನು ಫ್ರೀಜರಿನ ಮೈಗೆ ಅಂಟಿಸುವುದೋ ಮುಚ್ಚಳಕ್ಕೆ ಜೋಡಿಸುವುದೋ ಎಂಬುದರ ಮೇಲೆ ಹೆಚ್ಚು ಚರ್ಚೆ ನಡೆಯಿತು. ಮೈಗೆ ಅಂಟಿಸುವುದು ಸುಲಭ, ಭದ್ರ. ಆದರೆ ತುಂಬಿದ ಕೆಗ್ ಸುಮಾರು 23 ಕೆ.ಜಿ. ತೂಗುತ್ತದೆ. ಫ್ರೀಜರಿನ ಎತ್ತರದ ಮೇಲೆ ಇನ್ನೂ ಎಂಟು ಇಂಚು ಎಂದರೆ ಆ ಭಾರವನ್ನು ಎದೆಮಟ್ಟಕ್ಕೆ ಎತ್ತಿ ಒಳಗೆ ಇಳಿಸಬೇಕು. ಮಾವನಿಗೆ ಬೆನ್ನುನೋವು. ಚೌಕಟ್ಟು ಮುಚ್ಚಳದ ಜೊತೆಗೇ ಮೇಲೇಳುವಂತೆ ಮಾಡಿದರೆ ಎತ್ತಬೇಕಾದ ಎತ್ತರ ಮೊದಲಿನಷ್ಟೇ ಉಳಿಯುತ್ತದೆ. ಬದಲಿಗೆ ಮುಚ್ಚಳ ಭಾರವಾಗುತ್ತದೆ, ಹಿಂಜು ತಡೆಯಬೇಕು, ನಲ್ಲಿಗಳ ಕೊಳವೆಗಳಿಗೆ ಸಡಿಲ ಬಿಡಬೇಕು. ಆಚಾರ್ಯರು ದಪ್ಪ ಹಿತ್ತಾಳೆಯ ಹಿಂಜು ಹಾಕಿ, ಮುಚ್ಚಳ ಹಿಂದಕ್ಕೆ ಬೀಳದಂತೆ ಸರಪಳಿ ಕಟ್ಟಿಕೊಟ್ಟರು. ವಯಸ್ಸಾದವರಿರುವ ಮನೆಯಲ್ಲಿ ಇದೇ ಸರಿ ಎಂದು ಈಗಲೂ ಹೇಳುತ್ತೇನೆ.

ಹಿತ್ತಾಳೆಯ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಹಿಂಜು ಹಿತ್ತಾಳೆಯದಿರಲಿ, ಪಾನೀಯ ತಾಗುವ ಯಾವ ಭಾಗವೂ ಹಿತ್ತಾಳೆ, ತಾಮ್ರ ಆಗಕೂಡದು. ಗ್ಯಾಸ್ ಬೆರೆತ ನೀರೇ ಆಮ್ಲ. ಪುನರ್ಪುಳಿಯ ಹುಳಿ ಅದಕ್ಕಿಂತ ತೀಕ್ಷ್ಣ. ತಾಮ್ರ ಕರಗಿ ಲೋಟಕ್ಕೆ ಬರುತ್ತದೆ. ಹೊಳಪಿನ ಲೇಪ ಕೊಟ್ಟ ಅಗ್ಗದ ನಲ್ಲಿಗಳ ಒಳಗೆ ಹಿತ್ತಾಳೆ ಇರುತ್ತದೆ. 304 ದರ್ಜೆಯ ಸ್ಟೀಲ್ ನಲ್ಲಿಗೆ ದುಡ್ಡು ಹೆಚ್ಚಾಯಿತು; ಮಾವ ಚೌಕಾಸಿ ಮಾಡಲಿಲ್ಲ.

ತಂಪಿನ ನಿಯಂತ್ರಣ ಸುಲಭದ ಕೆಲಸ. ಡೀಪ್ ಫ್ರೀಜರಿನ ಸ್ವಂತ ಥರ್ಮೋಸ್ಟಾಟ್ ಸೊನ್ನೆಯ ಕೆಳಗೆ 18 ಡಿಗ್ರಿಗೆಂದು ಮಾಡಿದ್ದು. ಅದನ್ನು ಹಾಗೇ ಬಿಟ್ಟು, ಕರೆಂಟ್ ಬರುವ ದಾರಿಯಲ್ಲಿ ಹೊರಗಿನಿಂದ ಡಿಜಿಟಲ್ ಕಂಟ್ರೋಲರ್ ಹಾಕಿ 4 ಡಿಗ್ರಿಗೆ ಹೊಂದಿಸಿದೆವು. ಅದರ ಸೆನ್ಸರನ್ನು ಗಾಳಿಯಲ್ಲಿ ತೂಗಬಿಡದೆ ನೀರು ತುಂಬಿದ ಬಾಟಲಿಯೊಳಗೆ ಇಳಿಸಿದೆವು. ಇಲ್ಲದಿದ್ದರೆ ಮುಚ್ಚಳ ತೆರೆದಾಗಲೆಲ್ಲ ಕಂಪ್ರೆಸರ್ ಓಡಿ ನಿಲ್ಲುತ್ತಿರುತ್ತದೆ. ನಿಂತ ಕಂಪ್ರೆಸರ್ ಐದು ನಿಮಿಷ ಕಳೆಯದೆ ಮತ್ತೆ ಹೊರಡದಂತೆಯೂ ಮಾಡಿದೆ. ಒಳಗಿನ ಒತ್ತಡ ಸಮವಾಗುವ ಮೊದಲೇ ಹೊರಟರೆ ಮೋಟಾರ್ ಸುಡುತ್ತದೆ. ಬರಿಗಾಲಲ್ಲಿ, ಒದ್ದೆ ನೆಲದಲ್ಲಿ ನಿಂತು ಮುಟ್ಟುವ ಯಂತ್ರವಾದ್ದರಿಂದ ಕರೆಂಟ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ ಇಲ್ಲದೆ ಪ್ಲಗ್ ಹಾಕಲು ನಾನು ಒಪ್ಪಲಿಲ್ಲ.

ಅನಿಲ ಎಲ್ಲಿರಬೇಕು?

ಯಂತ್ರವನ್ನು ಮೆಟ್ಟಿಲ ಕೆಳಗಿನ ಉಗ್ರಾಣದಲ್ಲಿಡುವುದು ಮಾವ ಅಳಿಯ ಇಬ್ಬರಿಗೂ ಒಪ್ಪಿಗೆಯಾಗಿತ್ತು. ತಂಪಾದ, ಬಿಸಿಲು ಬೀಳದ ಜಾಗ, ಕಿಟಕಿ ಇಲ್ಲ. ನಾನು ಟೇಪ್ ಹಿಡಿದು ಅಳೆದೆ: ಆರು ಅಡಿ, ಐದು ಅಡಿ, ಎತ್ತರ ಏಳು ಅಡಿ. ಒಳಗೆ ಹೆಚ್ಚೆಂದರೆ 6,000 ಲೀಟರ್ ಗಾಳಿ. ಒಂದು ಕೆ.ಜಿ. ಇಂಗಾಲದ ಡೈಆಕ್ಸೈಡ್ ಸಿಲಿಂಡರಿನಿಂದ ಹೊರಬಂದರೆ ನಮ್ಮ ಹವೆಯಲ್ಲಿ ಸುಮಾರು 550 ಲೀಟರ್ ಆಗುತ್ತದೆ. ಅವರು ತಂದಿದ್ದು 5 ಕೆ.ಜಿ. ಸಿಲಿಂಡರ್, ಅಂದರೆ 2,750 ಲೀಟರ್. ಗಾಳಿಯಲ್ಲಿ ಈ ಅನಿಲ ಶೇಕಡಾ 4 ಮುಟ್ಟಿದರೆ ಜೀವಕ್ಕೆ ತಕ್ಷಣದ ಅಪಾಯ ಎಂದು ಕೈಗಾರಿಕಾ ಸುರಕ್ಷತೆಯ ಮಾನದಂಡ ಹೇಳುತ್ತದೆ. ಆ ಕೋಣೆಗೆ ಅಷ್ಟಾಗಲು ಅರ್ಧ ಕೆ.ಜಿ. ಸೋರಿದರೆ ಸಾಕು. ಅಡುಗೆ ಅನಿಲಕ್ಕೆ ವಾಸನೆ ಬೆರೆಸಿರುತ್ತಾರೆ. ಇದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಗಾಳಿಗಿಂತ ಭಾರ, ಆದ್ದರಿಂದ ನೆಲದಲ್ಲೇ ಮಡುಗಟ್ಟುತ್ತದೆ. ಅದೇ ಉಗ್ರಾಣದ ನೆಲದಲ್ಲಿ ಮೊಮ್ಮಕ್ಕಳು ಕಣ್ಣುಮುಚ್ಚಾಲೆ ಆಡುತ್ತಾರೆ.

ಲೆಕ್ಕವನ್ನು ಕಾಗದದಲ್ಲಿ ಬರೆದು ತೋರಿಸಿದೆ. ಅತ್ತೆ ಕಾಗದ ನೋಡಿ, ಹಿಂದಿನ ಜಗಲಿಗೆ ಹೋಗಿ, ಅಲ್ಲಿದ್ದ ಕಟ್ಟಿಗೆಯ ರಾಶಿಯನ್ನು ತೆಗೆಸಲು ಆಳಿಗೆ ಹೇಳಿದರು. ಚರ್ಚೆ ಮುಗಿಯಿತು.

ಜಗಲಿಯಲ್ಲಿ ಬೇರೆ ತೊಂದರೆ. ಮಳೆಯ ಎರಚಲು ಬೀಳುತ್ತದೆ; ಮಧ್ಯಾಹ್ನದ ನಂತರ ಪಡುವಣ ಬಿಸಿಲು. ಸಿಲಿಂಡರಿನೊಳಗಿನ ಒತ್ತಡ 30 ಡಿಗ್ರಿಯಲ್ಲೇ ಸುಮಾರು 72 ಬಾರ್. 31 ಡಿಗ್ರಿ ದಾಟಿದರೆ ಒಳಗೆ ದ್ರವ, ಅನಿಲ ಎಂಬ ಭೇದವೇ ಅಳಿದು ಒತ್ತಡ ಇನ್ನೂ ಬೇಗ ಏರುತ್ತದೆ. ನಮ್ಮ ಏಪ್ರಿಲ್ ಮಧ್ಯಾಹ್ನಗಳು 34 ಡಿಗ್ರಿ ತಲುಪುತ್ತವೆ, ಬಿಸಿಲಿಗಿಟ್ಟ ಕಬ್ಬಿಣದ ಮಾತಂತೂ ಬೇಡ. ಹೀಗಾಗಿ ಫ್ರೀಜರನ್ನು ಗೋಡೆಯಿಂದ ಗೇಣು ದೂರಕ್ಕೆ, ಹಲಗೆಯ ಮೇಲೆ ಎತ್ತರಿಸಿ ಇಟ್ಟೆವು. ಸಿಲಿಂಡರನ್ನು ಉತ್ತರದ ನೆರಳಿನ ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿ ಗೋಡೆಗೆ ಸರಪಳಿ ಹಾಕಿದೆವು. ಸಿಲಿಂಡರ್ ತಂದದ್ದು ಸೋಡಾ ತಯಾರಕರಿಗೆ ತುಂಬಿಕೊಡುವ ಕಡೆಯಿಂದ. ತೂಕ ನೋಡಿ ತುಂಬಿದ್ದು, ಪರೀಕ್ಷೆಯ ದಿನಾಂಕ ಕೊರಳಲ್ಲಿ ಕೆತ್ತಿದ್ದು. ವೆಲ್ಡಿಂಗ್ ಅಂಗಡಿಯ ಸಿಲಿಂಡರ್ ಅಗ್ಗವಾಗಿ ಸಿಗುತ್ತಿತ್ತು. ಕುಡಿಯುವುದಕ್ಕೆ ಅದನ್ನು ನಾನು ಒಪ್ಪಲಿಲ್ಲ.

ನೊರೆ

ಮೊದಲ ಲೋಟದಲ್ಲಿ ಮುಕ್ಕಾಲು ಭಾಗ ನೊರೆಯೇ ಬಂತು. ಅಳಿಯ ಒತ್ತಡ ಇಳಿಸಲು ಹೊರಟ. ಎಲ್ಲರಿಗೂ ಮೊದಲು ತೋಚುವುದು ಅದೇ. ಒತ್ತಡ ಇಳಿಸಿದರೆ ಪಾನೀಯದಲ್ಲಿ ಕರಗಿದ ಅನಿಲ ಕೊಳವೆಯಲ್ಲೇ ಬಿಟ್ಟುಕೊಂಡು ನೊರೆ ಇನ್ನೂ ಹೆಚ್ಚುತ್ತದೆ, ದಿನ ಕಳೆದಂತೆ ಕೆಗ್ ಚಪ್ಪೆಯಾಗುತ್ತದೆ. ಅನಿಲ ಎಷ್ಟು ಕರಗಬೇಕೆಂಬುದನ್ನು ಉಷ್ಣತೆಯೂ ಒತ್ತಡವೂ ಸೇರಿ ನಿರ್ಧರಿಸುತ್ತವೆ: 3–4 ಡಿಗ್ರಿಯಲ್ಲಿ ಬಿಯರಿಗಾದರೆ 12 ಪಿಎಸ್‌ಐ (ಇದೂ ಒತ್ತಡದ ಅಳತೆ) ಸಾಕು, ಖಾರವಾದ ಸೋಡಾಕ್ಕೆ 30ರ ತನಕ ಬೇಕು. ಆ ಒತ್ತಡವನ್ನು ಲೋಟಕ್ಕೆ ಬರುವಷ್ಟರಲ್ಲಿ ನಿಧಾನವಾಗಿ ಇಳಿಸುವ ಕೆಲಸ ಕೊಳವೆಯದು.

ಥರ್ಮಾಮೀಟರ್ ಇಟ್ಟು ನೋಡಿದೆ. ತಳದಲ್ಲಿ 2 ಡಿಗ್ರಿ. ಮೇಲೆ, ನಲ್ಲಿಗಳಿರುವ ಚೌಕಟ್ಟಿನಲ್ಲಿ 13. ತಂಪು ಗಾಳಿ ತಳ ಹಿಡಿದು ಕೂತಿತ್ತು. ಕೆಳಗಿನಿಂದ ಬಂದ ತಣ್ಣನೆಯ ಪಾನೀಯ ಬೆಚ್ಚಗಿನ ನಲ್ಲಿಗೆ ಬಡಿದೊಡನೆ ಅನಿಲ ಸಿಡಿಯುತ್ತಿತ್ತು. ಹಳೆಯ ಕಂಪ್ಯೂಟರಿನ 12 ವೋಲ್ಟ್ ಫ್ಯಾನಿಗೆ ಪಿವಿಸಿ ಕೊಳವೆ ಜೋಡಿಸಿ ತಳದ ಗಾಳಿ ಮೇಲಕ್ಕೆ ಊದುವಂತೆ ಮಾಡಿದೆವು. ವ್ಯತ್ಯಾಸ ಎರಡು ಡಿಗ್ರಿಗೆ ಇಳಿಯಿತು. ಐದು ಮಿ.ಮೀ. ಒಳಗಂಡಿಯ ಸಣ್ಣ ಕೊಳವೆಯನ್ನು ಶರಬತ್ತುಗಳಿಗೆ ಮೂರು ಮೀಟರಿಗೂ ಸೋಡಾಕ್ಕೆ ಏಳು ಮೀಟರಿಗೂ ಉದ್ದ ಮಾಡಿ ಸುರುಳಿ ಸುತ್ತಿಟ್ಟೆವು. ಸೋಡಾಕ್ಕೆ ಬೇರೆಯೇ ರೆಗ್ಯುಲೇಟರ್ ಕೊಟ್ಟೆವು. ನೊರೆ ಹದಕ್ಕೆ ಬಂತು.

ಪುನರ್ಪುಳಿಯ ನಲ್ಲಿ ಮಾತ್ರ ಪದೇ ಪದೇ ಕಟ್ಟಿಕೊಳ್ಳುತ್ತಿತ್ತು. ಅತ್ತೆ ಶರಬತ್ತಿಗೆ ಹುರಿದ ಜೀರಿಗೆ ಪುಡಿ ಹಾಕುತ್ತಿದ್ದರು. ಅದು ಕೆಗ್ಗಿನ ಬಾಯಿಯ ಸಣ್ಣ ಸ್ಪ್ರಿಂಗಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಈಗ ಅವರು ಜೀರಿಗೆಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಸಿಪ್ಪೆಯ ಜೊತೆ ಕುದಿಸಿ, ಗಂಟು ತೆಗೆದು, ಎರಡು ಮಡಿಕೆಯ ಮಲ್ ಬಟ್ಟೆಯಲ್ಲಿ ಸೋಸುತ್ತಾರೆ. ರುಚಿ ಕಡಿಮೆಯಾಗಿಲ್ಲ, ಬಣ್ಣ ಮೊದಲಿಗಿಂತ ತಿಳಿಯಾಗಿದೆ.

ಸೋರಿದ ರಾತ್ರಿ

ಮಳೆಗಾಲದ ನಡುವೆ ಒಂದು ರಾತ್ರಿ ಕೆಗ್ಗೊಂದರ ಮುಚ್ಚಳದ ರಬ್ಬರ್ ಬಳೆ ಜಾರಿ, ಸಿಲಿಂಡರಿನಲ್ಲಿ ಉಳಿದಿದ್ದ ಅನಿಲವೆಲ್ಲ ಫ್ರೀಜರಿನೊಳಗೆ ಸೋರಿತು. ಬೆಳಿಗ್ಗೆ ಸಿಲಿಂಡರಿನ ಒತ್ತಡ ತೋರಿಸುವ ಮುಳ್ಳು ಸೊನ್ನೆಯಲ್ಲಿತ್ತು. ಹಿಂದಿನ ಸಂಜೆ ತುಂಬಿದ ಸಿಲಿಂಡರಿನಂತೆಯೇ ತೋರಿಸುತ್ತಿತ್ತು. ಒಳಗೆ ಒಂದು ಚೊಂಬು ದ್ರವ ಉಳಿದಿರುವವರೆಗೂ ಮುಳ್ಳು ಕದಲುವುದಿಲ್ಲ. ಎಷ್ಟು ಉಳಿದಿದೆ ಎಂದು ತಿಳಿಯಲು ತೂಗುವುದೊಂದೇ ದಾರಿ.

ಅಳಿಯ ಮುಚ್ಚಳ ತೆರೆದು, ಸೋರುವ ಜಾಗ ಹುಡುಕಲು ತಲೆ ಒಳಗೆ ಹಾಕಲು ಬಗ್ಗಿದ. ಮಾವ ಅವನ ಅಂಗಿ ಹಿಡಿದು ಹಿಂದಕ್ಕೆಳೆದರು. ಮುಚ್ಚಿದ ಟ್ಯಾಂಕಿಗೆ ಗಾಳಿ ಪರೀಕ್ಷಿಸದೆ ಇಳಿಯಬಾರದೆಂಬುದು ಹಡಗಿನಲ್ಲಿ ಮೊದಲು ಕಲಿಸುವ ಪಾಠ. ಒಬ್ಬ ಬಿದ್ದರೆ ಎತ್ತಲು ಹೋದವನೂ ಬೀಳುತ್ತಾನೆ. ಮೇಲಕ್ಕೆ ತೆರೆಯುವ ಫ್ರೀಜರ್ ಈ ವಿಷಯದಲ್ಲಿ ಪಾಳುಬಿದ್ದ ಬಾವಿಯ ಹಾಗೆ: ಭಾರದ ಅನಿಲ ಅಂಚಿನವರೆಗೂ ತುಂಬಿ ನಿಂತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಮೇಜಿನ ಫ್ಯಾನನ್ನು ಒಳಗೆ ತಿರುಗಿಸಿಟ್ಟು, ಬಹಳ ಹೊತ್ತು ಬಿಟ್ಟು, ಆಮೇಲೆ ಕೆಗ್ ಹೊರತೆಗೆದು ಸಾಬೂನು ನೀರು ಹಚ್ಚಿ ನೋಡಿದರು. ಗುಳ್ಳೆ ಎದ್ದಿತು.

ಜಗಲಿಯಲ್ಲಿದ್ದುದರಿಂದ ಹೋದದ್ದು ಗ್ಯಾಸಿನ ದುಡ್ಡು ಮಾತ್ರ. ಆ ದಿನದಿಂದ ಅತ್ತೆಯ ನಿಯಮ ಜಾರಿಯಲ್ಲಿದೆ: ಅಡುಗೆ ಗ್ಯಾಸಿನಂತೆ ಇದರ ಕೀಲಿಯನ್ನೂ ರಾತ್ರಿ ಮುಚ್ಚಬೇಕು. ಸಿಲಿಂಡರನ್ನು ವಾರಕ್ಕೊಮ್ಮೆ ಕೊಕ್ಕೆಯ ತಕ್ಕಡಿಗೆ ತೂಗುಹಾಕಿ, ತೂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ. ರಬ್ಬರ್ ಬಳೆಗಳಿಗೆ ಆಹಾರಕ್ಕೆ ಬಳಸಬಹುದಾದ ಗ್ರೀಸ್ ಹಚ್ಚುವುದು, ಹೊಸ ಕೆಗ್ ಜೋಡಿಸಿದಾಗಲೆಲ್ಲ ಸಾಬೂನು ನೀರಿನ ಪರೀಕ್ಷೆ ಮಾಡುವುದು ಅಳಿಯನ ಜವಾಬ್ದಾರಿ.

ಈಗ ಹೇಗಿದೆ

ಯಂತ್ರ ಚೆನ್ನಾಗಿ ನಡೆಯುತ್ತಿದೆ. ಮರ ಬಿದ್ದು ಇಡೀ ದಿನ ಕರೆಂಟ್ ಹೋದಾಗಲೂ ದಪ್ಪ ಗೋಡೆಯ ದೆಸೆಯಿಂದ ಒಳಗಿನ ತಂಪು ನಿಂತಿತು. ಅದಕ್ಕಿಂತ ಹೆಚ್ಚು ಹೊತ್ತಾದರೆ ಸಕ್ಕರೆಯ ಪಾನೀಯ ಹುದುಗಲು ಶುರುವಾಗುತ್ತದೆ. ಅಂಥ ಕೆಗ್ಗನ್ನು ಚೆಲ್ಲಿ ತೊಳೆಯಬೇಕೆಂದು ಹೇಳಿದ್ದೇನೆ. ಮಾವ ಬಿಯರನ್ನು ಬಾಟಲಿಯಿಂದಲೇ ಕುಡಿಯುತ್ತಾರೆ. ಆದರೆ ಸಂಜೆ ಯಾರಾದರೂ ಬಂದರೆ ನಲ್ಲಿಯ ಮುಂದೆ ನಿಲ್ಲುವವರು ಅವರೇ. ಲೋಟವನ್ನು ಓರೆ ಹಿಡಿದು, ನಲ್ಲಿಯನ್ನು ಒಂದೇ ಸಲಕ್ಕೆ ಪೂರ್ತಿ ತೆರೆದು, ಕೊನೆಯಲ್ಲಿ ಲೋಟ ನೆಟ್ಟಗೆ ಮಾಡಿ ಬೆರಳಗಲ ನೊರೆ ನಿಲ್ಲಿಸುವ ವಿದ್ಯೆಯನ್ನು ಮೊಮ್ಮಕ್ಕಳಿಗೆ ಕಲಿಸಿದ್ದಾರೆ.

ಇದರ ನಂತರ ಇಂಥದ್ದೇ ಕೆಲಸಕ್ಕೆ ಕರೆದವರಿಗೆ ನಾನು ಮೊದಲು ಕೇಳುವುದು ಕೋಣೆಯ ಅಳತೆ ಮತ್ತು ಕಿಟಕಿ. ಆಮೇಲೆ ಕೆಗ್ಗಿಗೆ ಏನು ತುಂಬುತ್ತೀರಿ, ಅದಕ್ಕೆ ಅನುಮತಿ ಇದೆಯೇ ಎಂದು. ಕೆಗ್ ಎತ್ತುವವರು ಯಾರು ಎಂದೂ ಕೇಳುತ್ತೇನೆ. ನಲ್ಲಿ, ರೆಗ್ಯುಲೇಟರ್, ನೊರೆಯ ಮಾತು ಅದರ ನಂತರ.

ಪೂರ್ತಿ ಬಗೆಹರಿಯದ ತೊಂದರೆಯೊಂದು ಉಳಿದಿದೆ. ಆಷಾಢ, ಶ್ರಾವಣದಲ್ಲಿ ಜಗಲಿಯ ಗಾಳಿ 27 ಡಿಗ್ರಿ, ತೇವಾಂಶ ಶೇಕಡಾ 90 ಇರುವಾಗ, ಯಾವ ಮೇಲ್ಮೈ 25 ಡಿಗ್ರಿಗಿಂತ ಕೆಳಗಿಳಿದರೂ ಬೆವರುತ್ತದೆ. ಫ್ರೀಜರಿನ ಗೋಡೆ ಬೆವರುವುದಿಲ್ಲ, ಮರದ ಚೌಕಟ್ಟು ಬೆವರುತ್ತದೆ. ಅದರೊಳಗಿನ ಒಂದು ಇಂಚಿನ ಥರ್ಮೋಕೋಲ್ ಈ ಹವೆಗೆ ಸಾಲದು. ಮುಚ್ಚಳದ ರಬ್ಬರಿಗೆ ಕಾಗದದ ಚೂರು ಸಿಕ್ಕಿಸಿ ಎಳೆದು, ಸಡಿಲಿದ್ದ ಕಡೆ ಹೊಸ ಪಟ್ಟಿ ಹಾಕಿಸಿದೆ. ಒಳಗೆ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಇಟ್ಟು ಬೂಸಲು ತಡೆದೆವು. ಹೊರಗಿನ ಬೆವರು ಮಾತ್ರ ನಿಂತಿಲ್ಲ. ನಲ್ಲಿಗಳ ಸುತ್ತ ಮರ ಕಪ್ಪಾಗುತ್ತಿದೆ. ಚೌಕಟ್ಟು ಬಿಚ್ಚಿ ಎರಡನೆಯ ಪದರ ಕೂರಿಸಬೇಕು. ಮರ ಒಣಗದೆ ಕೈ ಹಾಕುವುದಿಲ್ಲವೆಂದು ಆಚಾರ್ಯರು ಹೇಳಿದ್ದಾರೆ, ದೀಪಾವಳಿ ಕಳೆದ ಮೇಲೆ ಬರುತ್ತಾರೆ.